ಬರಿದಲೆಯ ವೀರರು

ಅಂತರಿಕ್ಷ ಯುದ್ಧದ ಚಲನಚಿತ್ರಗಳಲ್ಲಿ ಬರುವ ವೀರರು ತಲೆಗೆ ಯಾವ ರಕ್ಷಣೆಯೂ ಇಲ್ಲದೆ ಕಾಳಗಕ್ಕೆ ಇಳಿಯುವರೇಕೆ? ಶಾಲೆಯೊಂದರ ಸ್ಮರಣ ಸಂಚಿಕೆಗೆ ಇಂಥ ಪ್ರಶ್ನೆಯನ್ನು ಹಿಡಿದುಕೊಂಡು ಲೇಖನ ಬರೆಯುವುದು ಉಚಿತವೇ ಎಂದು ಕೆಲವು ಹಿರಿಯರಿಗೆ ಅನಿಸಬಹುದು. ಸಂಪಾದಕ ಮಂಡಳಿಯವರು ನನ್ನಿಂದ ನಿರೀಕ್ಷಿಸಿದ್ದು ಪ್ರಾಯಶಃ ಹಳೆಯ ವಿದ್ಯಾರ್ಥಿಗಳ ನೆನಪುಗಳನ್ನು. ಆ ನೆನಪುಗಳೂ ಇಲ್ಲಿ ಬರುತ್ತವೆ; ಆದರೆ ಅವು ಈ ಪ್ರಶ್ನೆಯ ಬೆನ್ನುಹತ್ತಿಯೇ ಬರುತ್ತವೆ.

ಪ್ರಶ್ನೆ ನನ್ನದಲ್ಲ, ಹುಬ್ಬಳ್ಳಿಯಲ್ಲಿರುವ ನನ್ನ ಮೊಮ್ಮಗಳದು. ಅಮೆರಿಕದಲ್ಲಿ 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಎಂಬ ಚಿತ್ರವನ್ನು ಅವಳು ಮನೆಯ ದೂರದರ್ಶನದಲ್ಲಿ ನೋಡುತ್ತಿದ್ದಳು. “ಅಜ್ಜಾ, ಕೆಟ್ಟ ಮಂದಿ ಎಲ್ಲಾರೂ ತಲಿಗೆ ಹಾಕ್ಕೊಂಡಾರ, ಛಲೋ ಮಂದಿ ಯಾಕ ಹಾಕ್ಕೊಂಡಿಲ್ಲ? ಇವರಿಗೆ ಪೆಟ್ಟ ಬಡಿಯಂಗಿಲ್ಲೇನು?” ಎಂದಳು. ನಾನು ನೋಡಿದೆ. ಹುಡುಗಿಯ ಮಾತು ನಿಜವಾಗಿತ್ತು. ಖಳನಾಯಕನಿಗೆ ಮುಖವೇ ಇಲ್ಲ. ಕರಿಯ ಶಿರಸ್ತ್ರಾಣ ಮತ್ತು ಅದರೊಳಗಿನಿಂದ ಕೇಳಿಸುವ ಉಸಿರು, ಅಷ್ಟೇ. ಅವನ ಸೈನಿಕರು ಅಡಿಯಿಂದ ಮುಡಿಯವರೆಗೆ ಬಿಳಿಯ ಕವಚದಲ್ಲಿ ಅಡಗಿದ್ದಾರೆ. ನಾಯಕನೂ ಅವನ ಗೆಳೆಯನೂ ಒಮ್ಮೆ ಅದೇ ಬಿಳಿಯ ಕವಚವನ್ನು ತೊಟ್ಟು ಶತ್ರುಗಳ ನಡುವೆ ಸೇರಿಕೊಳ್ಳುತ್ತಾರೆ. ಆದರೆ ನಿಜವಾದ ಹೊಡೆದಾಟ ಪ್ರಾರಂಭವಾಗುವ ಹೊತ್ತಿಗೆ, ಅಂದರೆ ಅದು ಅತ್ಯಂತ ಅವಶ್ಯವಾಗಿರುವ ಗಳಿಗೆಯಲ್ಲಿ, ಶಿರಸ್ತ್ರಾಣವನ್ನು ತೆಗೆದುಹಾಕಿರುತ್ತಾರೆ!

ನಿಜವಾದ ಅಂತರಿಕ್ಷವು ಇಂಥ ಸಲಿಗೆಯನ್ನು ಯಾರಿಗೂ ಕೊಡುವುದಿಲ್ಲ. 1966ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ನಿರ್ವಾತ ಕೋಣೆಯೊಂದರಲ್ಲಿ ಅಂತರಿಕ್ಷದ ಉಡುಪನ್ನು ಪರೀಕ್ಷಿಸುತ್ತಿದ್ದ ತಂತ್ರಜ್ಞನೊಬ್ಬನ ಗಾಳಿಯ ಕೊಳವೆ ಕಳಚಿತು. ಸುಮಾರು ಹದಿನಾಲ್ಕು ಸೆಕೆಂಡುಗಳಲ್ಲಿ ಆತನಿಗೆ ಎಚ್ಚರ ತಪ್ಪಿತು. ನಾಲಗೆಯ ಮೇಲಿನ ಉಗುಳು ಕುದಿಯತೊಡಗಿದ್ದೇ ತನ್ನ ಕೊನೆಯ ನೆನಪೆಂದು, ಬದುಕಿ ಉಳಿದ ಬಳಿಕ ಆತ ಹೇಳಿದನು. 1971ರ ಜೂನ್ 30ರಂದು ರಷ್ಯದ ಸೋಯುಜ್ 11 ನೌಕೆಯ ಮೂವರು ಯಾತ್ರಿಕರಿಗೆ ಆ ಅದೃಷ್ಟವೂ ಇರಲಿಲ್ಲ. ಚಿಕ್ಕ ಕೋಣೆಯಲ್ಲಿ ಮೂವರು ಕುಳಿತುಕೊಳ್ಳಬೇಕಾಗಿದ್ದುದರಿಂದ ಅವರು ಒತ್ತಡದ ಉಡುಪನ್ನಾಗಲಿ ಶಿರಸ್ತ್ರಾಣವನ್ನಾಗಲಿ ಧರಿಸಿರಲಿಲ್ಲ. ಇಳಿದು ಬರುವಾಗ ಕವಾಟವೊಂದು ಅಕಾಲದಲ್ಲಿ ತೆರೆದುಕೊಂಡು ಗಾಳಿಯೆಲ್ಲ ಸೋರಿಹೋಯಿತು. ನೌಕೆಯು ಕ್ರಮವಾಗಿಯೇ ನೆಲಕ್ಕಿಳಿಯಿತು; ಬಾಗಿಲು ತೆರೆದವರಿಗೆ ಕಂಡದ್ದು ಆಸನಗಳಲ್ಲಿ ಕುಳಿತಿದ್ದ ಮೂರು ದೇಹಗಳು. ಅಂದಿನಿಂದ ಸೋಯುಜ್ ಯಾತ್ರಿಕರಿಗೆ ಏರುವಾಗ ಇಳಿಯುವಾಗ ಒತ್ತಡದ ಉಡುಪು ಕಡ್ಡಾಯವಾಯಿತು. 1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ ಶರ್ಮರು ಮೇಲಕ್ಕೇರಿದ್ದು ಅಂಥ ಉಡುಪಿನಲ್ಲಿಯೇ.

ಹಾಗಾದರೆ ಕಥೆಗಾರರಿಗೆ ಇದು ತಿಳಿಯದೆ? ತಿಳಿದಿದೆ. ಪುಸ್ತಕದಲ್ಲಿ ಬರೆಯುವವನಿಗೆ ಶಿರಸ್ತ್ರಾಣದಿಂದ ಯಾವ ತೊಂದರೆಯೂ ಇಲ್ಲ ಎಂಬುದನ್ನು ಗಮನಿಸಬೇಕು. ರಾಬರ್ಟ್ ಹೈನ್‌ಲೈನ್ ಎಂಬ ಅಮೆರಿಕದ ಲೇಖಕ 1959ರ ತನ್ನ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಕಾದಂಬರಿಯಲ್ಲಿ ಸೈನಿಕರನ್ನು ಯಂತ್ರದಂಥ ಕವಚದೊಳಗೆ ಪೂರ್ತಿಯಾಗಿ ಮುಚ್ಚಿಬಿಟ್ಟಿದ್ದಾನೆ. ಕಥೆ ಹೇಳುವವನು ಆ ಕವಚದೊಳಗಿನ ಹುಡುಗನೇ ಆದುದರಿಂದ ಓದುಗನೂ ಅವನೊಂದಿಗೆ ಒಳಗೇ ಇರುತ್ತಾನೆ. ಅದೇ ಕಥೆ 1997ರಲ್ಲಿ ಚಲನಚಿತ್ರವಾದಾಗ ಆ ಯಂತ್ರಕವಚವು ಮಾಯವಾಗಿ ಮುಖ ತೋರಿಸುವ ಟೊಪ್ಪಿಗೆ ಬಂದಿತು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗಳನ್ನು ಬರೆದಾಗ ಪಾತ್ರದ ತಲೆಯ ಮೇಲೆ ಏನಿದೆಯೆಂದು ನಾವು ಯಾರೂ ಕೇಳಲಿಲ್ಲ. ಕೇಳುವ ಪ್ರಸಂಗ ಬರುವುದು ಕಣ್ಣಿಗೆ ಕಾಣುವ ಕಲೆಗಳಲ್ಲಿ ಮಾತ್ರ: ತೆರೆಯ ಮೇಲೆ, ರಂಗದ ಮೇಲೆ, ಕಲ್ಲಿನ ಮೇಲೆ. ಚಿತ್ರ ತೆಗೆಯುವವರು ಅಂತರಿಕ್ಷದ ಶಿರಸ್ತ್ರಾಣವನ್ನು ತೊಡಿಸಲೇಬೇಕಾದಾಗ ಅದರೊಳಗೆ ಚಿಕ್ಕ ದೀಪಗಳನ್ನು ಇಟ್ಟು ನಟನ ಮುಖವನ್ನು ಬೆಳಗುತ್ತಾರೆ. ಕತ್ತಲೆಯಲ್ಲಿ ನಡೆಯುವವನು ತನ್ನ ಕಣ್ಣಿಗೇ ಕಂದೀಲು ಹಿಡಿದುಕೊಂಡಂತೆ ಇದು! ತೊಟ್ಟವನಿಗೆ ಹೊರಗಿನದೇನೂ ಕಾಣಿಸಲಿಕ್ಕಿಲ್ಲ. ಆದರೆ ನೋಡುವವರಿಗೆ ಅವನು ಕಾಣಿಸುತ್ತಾನೆ, ಅವರಿಗೆ ಬೇಕಾದದ್ದು ಅಷ್ಟೇ. 1975ರಲ್ಲಿ ‘ಮಯೂರ’ ಬಂದಾಗ ರಾಜಕುಮಾರರು ಲೋಹದ ಮುಖವಾಡದೊಳಗೆ ಅಡಗಿಕೊಂಡಿದ್ದರೆ ಜನ ಶಿಳ್ಳೆ ಹೊಡೆಯಬೇಕಾದದ್ದು ಯಾರಿಗೆ?

ಈ ಪದ್ಧತಿ ಅಮೆರಿಕದವರು ಕಂಡುಹಿಡಿದದ್ದಲ್ಲ. ನಮ್ಮ ಸೀಮೆಯಲ್ಲಿ ಅದು ಸಾವಿರ ವರ್ಷಗಳಷ್ಟು ಹಳೆಯದು. ನಮ್ಮ ಗುಡಗೇರಿಯ ಹೆಸರು ಇತಿಹಾಸಕಾರರಿಗೆ ಪರಿಚಿತವಾದದ್ದು ಇಲ್ಲಿಯ 1076ನೆಯ ಇಸವಿಯ ಜೈನ ಶಾಸನದಿಂದ. ಅದರ ವಿಷಯ ಭೂಮಿಯ ದಾನ, ಕಾಳಗವಲ್ಲ. ಆದರೆ ಕುಂದಗೋಳದಿಂದ ಹಾನಗಲ್ಲಿನವರೆಗಿನ ಯಾವ ದಾರಿಯನ್ನು ಹಿಡಿದರೂ, ಹನುಮಂತದೇವರ ಗುಡಿಯ ಮುಂದೆಯೋ ಕೆರೆಯ ದಂಡೆಯ ಮೇಲೆಯೋ ವೀರಗಲ್ಲೊಂದು ಎದುರಾಗದೆ ಇರುವುದಿಲ್ಲ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ, ಊರ ಗಡಿಯನ್ನು ಕಾಯಲು ಹೋಗಿ ಸತ್ತವರ ಕಲ್ಲುಗಳಿವು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೇವರ ಸನ್ನಿಧಿ. ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಮತ್ತು ಡಾ. ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ (1982) ಈ ಕಲ್ಲುಗಳನ್ನು ಓದುವ ಬಗೆಯನ್ನು ನಮಗೆ ಕಲಿಸಿಕೊಟ್ಟವು.

ನಾನು ಕಂಡ ವೀರಗಲ್ಲುಗಳಲ್ಲಿ ಬಹುಪಾಲು ವೀರರು ಬರಿದಲೆಯವರು. ಕೈಯಲ್ಲಿ ಕತ್ತಿ, ಗುರಾಣಿ ಅಥವಾ ಬಿಲ್ಲು. ಸೊಂಟಕ್ಕೆ ಬಿಗಿದ ಬಟ್ಟೆ. ತಲೆಯ ಮೇಲೆ ಗಂಟು ಹಾಕಿದ ತುರುಬು. ಎದುರಾಳಿಗಳಿಗಿಂತ ಅವನ ಗಾತ್ರ ದೊಡ್ಡದು. ಅಂದಿನವರಿಗೆ ಶಿರಸ್ತ್ರಾಣವೇ ಗೊತ್ತಿರಲಿಲ್ಲವೆಂದು ಭಾವಿಸಬೇಕಾದ ಕಾರಣವಿಲ್ಲ. ‘ಸೀಸಕ’ ಎಂಬ ಶಬ್ದ ಹಳೆಯ ಕನ್ನಡದಲ್ಲಿ ಇದ್ದೇ ಇದೆ. ಕೋಳಿವಾಡದವನೆಂದು ನಾವು ಅಭಿಮಾನಪಡುವ ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ಜೋಡು, ಸೀಸಕಗಳು ಬರುತ್ತವೆ. ಭಾಷೆಯಲ್ಲಿ ಇದ್ದ ವಸ್ತುವನ್ನು ಕಲ್ಲುಕುಟಿಗನು ಬಿಟ್ಟನೇಕೆ? ನನಗೆ ತೋರುವ ಕಾರಣ ಇದು. ಒಬ್ಬನೇ ಮನುಷ್ಯನನ್ನು ಅವನು ಎರಡು ಮೂರು ಸಲ ಕೆತ್ತಬೇಕಾಗಿತ್ತು, ನೆಲದಲ್ಲಿ ಒಮ್ಮೆ, ಆಕಾಶದಲ್ಲಿ ಒಮ್ಮೆ, ದೇವರ ಮುಂದೆ ಒಮ್ಮೆ. ಕೆಳಗೆ ಹೊಡೆದಾಡಿದವನೇ ಮೇಲೆ ಕೈಮುಗಿದು ಕುಳಿತಿರುವನೆಂದು ಕಲ್ಲಿನ ಮುಂದೆ ನಿಂತ ಹೆಂಡತಿ ಮಕ್ಕಳಿಗೆ ತಿಳಿಯಬೇಕಾಗಿತ್ತು. ಸೀಸಕದಲ್ಲಿ ಹೋದವನು ಸ್ವರ್ಗದಲ್ಲಿ ತುರುಬಿನೊಂದಿಗೆ ಕಾಣಿಸಿಕೊಂಡರೆ ಅವನು ಬೇರೆಯವನಾಗುತ್ತಿದ್ದನು.

ದೊಡ್ಡಾಟದ ರಂಗದಲ್ಲಿಯೂ ಇದೇ ಚಿಂತೆ ಬೇರೊಂದು ವೇಷದಲ್ಲಿ ಇದೆ. ಅಲ್ಲಿಯ ವೀರನ ತಲೆ ಬರಿದಲ್ಲ. ಕಿರೀಟ, ಭುಜಕೀರ್ತಿ, ಎದೆಯ ಕವಚ ಎಲ್ಲವೂ ಉಂಟು. ಆದರೆ ಕಿರೀಟವು ಮುಖವನ್ನು ಮುಚ್ಚುವುದಿಲ್ಲ, ಚೌಕಟ್ಟು ಹಾಕಿದಂತೆ ಎತ್ತಿ ತೋರಿಸುತ್ತದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಬೆಳತನಕ ಹಾಡಿ ಮಾತಾಡಬೇಕಾದವನಿಗೆ ಬಾಯಿ ಮುಚ್ಚಿಕೊಂಡರೆ ನಡೆಯುತ್ತಿತ್ತೇ? ಅಷ್ಟೂ ಸಾಲದೆಂದು ಸಾರಥಿಯು ಒಳಬಂದ ಪಾತ್ರವನ್ನು ನಿಲ್ಲಿಸಿ, ತಾವು ಯಾರು, ಯಾವ ಊರು, ನಾಮಾಂಕಿತವೇನು ಎಂದು ಕೇಳುತ್ತಾನೆ. ತನ್ನ ಹೆಸರು ಹೇಳದೆ ಯಾವ ವೀರನೂ ಅಲ್ಲಿ ಕತ್ತಿ ಎತ್ತುವಂತಿಲ್ಲ. ಕರ್ಣಪರ್ವವನ್ನು ನೋಡಿದವರು ಒಂದು ಸಂಗತಿಯನ್ನು ನೆನಪಿಸಿಕೊಳ್ಳಬೇಕು. ಕರ್ಣನು ಸರ್ಪಾಸ್ತ್ರವನ್ನು ಬಿಟ್ಟಾಗ ಕೃಷ್ಣನು ರಥವನ್ನು ನೆಲಕ್ಕೆ ಒತ್ತುತ್ತಾನೆ. ಅರ್ಜುನನ ಕೊರಳಿಗೆ ಬರಬೇಕಾದದ್ದು ಕಿರೀಟಕ್ಕೆ ತಗಲುತ್ತದೆ. ಕಿರೀಟ ಬಿದ್ದಿತು, ತಲೆ ಉಳಿಯಿತು. ‘ಕಿರೀಟಿ’ ಎಂಬ ಹೆಸರಿನವನ ಕಿರೀಟವು ಶಿರಸ್ತ್ರಾಣದ ಕೆಲಸ ಮಾಡಿದ್ದು ಆ ಒಂದೇ ಸಲವೆಂದು ತೋರುತ್ತದೆ. ಇನ್ನು, ಹುಟ್ಟಿನಿಂದಲೇ ಕವಚ ಪಡೆದಿದ್ದ ಕರ್ಣನನ್ನು ನಮ್ಮ ಜನ ಪ್ರೀತಿಸುವುದು ಅವನು ಅದನ್ನು ಕೊಟ್ಟುಬಿಟ್ಟದ್ದಕ್ಕಾಗಿ.

ಗ್ರೀಕರ ಹೋಮರನೂ ಇದನ್ನು ಬಲ್ಲವನು. ‘ಇಲಿಯಡ್’ ಕಾವ್ಯದಲ್ಲಿ ಹೆಕ್ಟರನು ಯುದ್ಧಕ್ಕೆ ಹೊರಡುವ ಮುನ್ನ ತನ್ನ ಎಳೆಯ ಮಗನನ್ನು ಎತ್ತಿಕೊಳ್ಳಲು ಕೈಚಾಚುತ್ತಾನೆ. ಕುದುರೆಗೂದಲಿನ ತುರಾಯಿಯುಳ್ಳ ಕಂಚಿನ ಶಿರಸ್ತ್ರಾಣವನ್ನು ಕಂಡು ಮಗು ಚೀರಿ ದಾದಿಯ ಎದೆಗೆ ಅವಿತುಕೊಳ್ಳುತ್ತದೆ. ತಂದೆ ತಾಯಿ ಇಬ್ಬರೂ ನಗುತ್ತಾರೆ. ಹೆಕ್ಟರನು ಶಿರಸ್ತ್ರಾಣವನ್ನು ತೆಗೆದು ನೆಲದ ಮೇಲಿಟ್ಟು ಮಗನನ್ನು ಮುದ್ದಿಸುತ್ತಾನೆ. ಅದೇ ಕಾವ್ಯದಲ್ಲಿ ಅಕಿಲೀಸನ ಗೆಳೆಯ ಪೆಟ್ರೋಕ್ಲಸನು ಅಕಿಲೀಸನ ಕವಚವನ್ನು ತೊಟ್ಟು ಹೋದುದರಿಂದ ಶತ್ರುಗಳು ಅವನನ್ನೇ ಅಕಿಲೀಸನೆಂದು ಬಗೆದು ನಡುಗಿದರು. ಶಿರಸ್ತ್ರಾಣವು ಮಗನಿಂದ ತಂದೆಯನ್ನು ಮರೆಮಾಡುತ್ತದೆ, ಒಬ್ಬನನ್ನು ಇನ್ನೊಬ್ಬನನ್ನಾಗಿ ಮಾಡುತ್ತದೆ. 1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಕದನದ ನಡುವೆ ತಾನು ಸತ್ತೆನೆಂಬ ಸುದ್ದಿ ಹಬ್ಬಿದಾಗ ವಿಲಿಯಮ್ ದೊರೆಯು ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿ ತನ್ನ ದಂಡಿಗೆ ಮುಖ ತೋರಿಸಬೇಕಾಯಿತು.

ಇನ್ನೂ ಸೋಜಿಗವಾದದ್ದು ಚಂದ್ರಲೋಕದ ಸಂಗತಿ. 1969ರ ಜುಲೈನಲ್ಲಿ ಚಂದ್ರನ ಮೇಲೆ ನಿಂತ ಮನುಷ್ಯನ ಪ್ರಸಿದ್ಧ ಛಾಯಾಚಿತ್ರವನ್ನು ನಾವೆಲ್ಲ ಗೋಡೆಗೆ ಅಂಟಿಸಿಕೊಂಡಿದ್ದೆವು. ಅದು ಆರ್ಮ್‌ಸ್ಟ್ರಾಂಗರದೆಂದು ಅನೇಕರು ತಿಳಿದಿದ್ದಾರೆ. ಅದು ಆಲ್ಡ್ರಿನ್ನರದು, ಅವರ ಮುಖದ ಮೇಲಿನ ಬಂಗಾರದ ಲೇಪದ ಗಾಜಿನಲ್ಲಿ ಛಾಯಾಚಿತ್ರ ತೆಗೆಯುತ್ತಿರುವ ಆರ್ಮ್‌ಸ್ಟ್ರಾಂಗರು ಚಿಕ್ಕದಾಗಿ ಕಾಣುತ್ತಾರೆ. ಮನುಷ್ಯಕುಲದ ಅತಿ ದೊಡ್ಡ ಸಾಹಸದ ಚಿತ್ರದಲ್ಲಿ ಮನುಷ್ಯನ ಮುಖವೇ ಇಲ್ಲ. ಯಾರು ಯಾರೆಂದು ಗುರುತಿಸುವುದು ಅಮೆರಿಕದ ಅಂತರಿಕ್ಷ ಸಂಸ್ಥೆಯವರಿಗೂ ಕಷ್ಟವಾಯಿತು. ಆದುದರಿಂದ ಅಪೊಲೊ 13ರಿಂದ ನಾಯಕನ ಉಡುಪಿಗೂ ಶಿರಸ್ತ್ರಾಣಕ್ಕೂ ಕೆಂಪು ಪಟ್ಟೆಗಳನ್ನು ಹಾಕತೊಡಗಿದರು.

ಇಷ್ಟರಮಟ್ಟಿಗೆ ಬರಿದಲೆಯು ಕಲೆಯ ಒಂದು ಒಪ್ಪಿತ ಸುಳ್ಳು. ಅದರ ವಿಷಯದಲ್ಲಿ ನನ್ನ ಆಕ್ಷೇಪವಿಲ್ಲ. ನಾಟಕದ ಅರಮನೆಗೆ ಗೋಡೆ ಇಲ್ಲವೆಂದು ನಾವು ಜಗಳ ತೆಗೆಯುವುದಿಲ್ಲವಷ್ಟೇ. ಆದರೆ ಈ ಸುಳ್ಳಿನ ನೆರಳಿನಲ್ಲಿ ಇನ್ನೊಂದು ಸುಳ್ಳು ನಿಂತಿದೆ. ಅದನ್ನು ನಾನು ಕಂಡದ್ದು ಹಾಲಿವುಡ್ಡಿನ ಚಿತ್ರದಲ್ಲಿ ಅಲ್ಲ, ನಮ್ಮ ಶಾಲೆಯ ಅಂಗಳದಲ್ಲಿ.

ರಾಕೇಶ ಶರ್ಮರ ಯಾನದ ಮರುವರ್ಷ, 1985ರ ಸ್ನೇಹ ಸಮ್ಮೇಳನದಲ್ಲಿ ಹುಡುಗರು ಒಂದು ಅಂತರಿಕ್ಷದ ನಾಟಕವನ್ನು ಆಡಿದರು. ನಾಟಕ ಬರೆದವರು ವಿಜ್ಞಾನದ ಮಾಸ್ತರರು. ನನ್ನ ಪಾಲಿಗೆ ಬಂದದ್ದು ವೇಷಭೂಷಣ. ಭೂಮಿಯ ಕಡೆ ಮೂವರು ವೀರರು, ಅನ್ಯಗ್ರಹದ ಕಡೆ ಎಂಟು ಸೈನಿಕರು. ಕೊಡಗಳನ್ನು ಬೋರಲು ಹಾಕಿ, ಅವುಗಳ ಮೇಲೆ ಹಳೆಯ ‘ಸಂಯುಕ್ತ ಕರ್ನಾಟಕ’ದ ಹಾಳೆಗಳನ್ನು ಮೈದಾದ ಅಂಟಿನಿಂದ ಪದರುಪದರಾಗಿ ಅಂಟಿಸಿ, ಒಣಗಿಸಿ, ಎಂಟು ಶಿರಸ್ತ್ರಾಣಗಳನ್ನು ಮಾಡಿದೆವು. ಬೆಳ್ಳಿಯ ಬಣ್ಣ ಬಳಿದೆವು. ಪಾತ್ರಗಳನ್ನು ಹಂಚಿದ ರೀತಿ ಎಲ್ಲ ಶಾಲೆಗಳಲ್ಲಿ ಹಂಚುವ ರೀತಿಯೇ: ಸ್ಪಷ್ಟವಾಗಿ ಮಾತು ಬರುವವರಿಗೆ ಮುಖ, ಬಾರದವರಿಗೆ ಶಿರಸ್ತ್ರಾಣ. ಮುಂದಿನ ಬೆಂಚಿನವರು ವೀರರಾದರು. ಬೆಳೆಯ ಸುಗ್ಗಿ ಬಂತೆಂದರೆ ಶಾಲೆ ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋಗುವ ಹುಡುಗರು ಸೈನಿಕರಾದರು. ಸೈನಿಕರಿಗೆ ಮಾತಿಲ್ಲ, ಓಡಿ ಬರುವುದು, ಬೀಳುವುದು.

ಆ ಸಂಜೆ ನಾನು ಪಾಲಕರ ನಡುವೆ ಕುಳಿತಿದ್ದೆನು. ನನ್ನ ಪಕ್ಕದಲ್ಲಿ ಹೊಲದ ಕೆಲಸದಿಂದ ನೆಟ್ಟಗೆ ಬಂದಿದ್ದ ತಾಯಿಯೊಬ್ಬಳು, ಕೈಕಾಲಿಗೆ ಎರೆಮಣ್ಣು ಇನ್ನೂ ಹತ್ತಿದ್ದಿತು. ಸೈನಿಕರು ರಂಗಕ್ಕೆ ಬಂದೊಡನೆ ಆಕೆ ಸೆರಗು ಸರಿಪಡಿಸಿಕೊಂಡು ಮುಂದೆ ಬಾಗಿದಳು. “ಮಾಸ್ತರ್ರ, ಇವರಾಗ ನಮ್ಮ ಹುಡುಗ ಯಾಂವ್ರಿ?” ಎಂದು ಕೇಳಿದಳು. ಶಿರಸ್ತ್ರಾಣಗಳನ್ನು ಮಾಡಿದ ನನಗೂ ಅದು ತಿಳಿಯುವಂತಿರಲಿಲ್ಲ. ಎಂಟೂ ಒಂದೇ ಅಚ್ಚಿನವು, ಎಂಟು ಜನರೂ ಬಗ್ಗಿ ಓಡುತ್ತಿದ್ದರು. ಒಬ್ಬ ಬಿದ್ದನು, ಆಕೆ “ಇಂವ ಏನ್ರಿ?” ಎಂದಳು. ಇನ್ನೊಬ್ಬ ಬಿದ್ದನು, “ಇಂವ?” ಎಂದಳು. ಎಂಟು ಜನ ಬೀಳುವವರೆಗೂ ಸಭಿಕರು ಚಪ್ಪಾಳೆ ತಟ್ಟುತ್ತಿದ್ದರು, ಆಕೆ ಮಾತ್ರ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ಅಷ್ಟರಲ್ಲಿ ಬಿದ್ದವರ ಪೈಕಿ ಒಬ್ಬ ಹುಡುಗ ಮಲಗಿದಲ್ಲಿಂದಲೇ ಶಿರಸ್ತ್ರಾಣವನ್ನು ಮೆಲ್ಲಗೆ ಮೇಲೆತ್ತಿ, ಜನರ ಕಡೆ ನೋಡಿ, ನಕ್ಕು ಮತ್ತೆ ಮುಚ್ಚಿಕೊಂಡನು. ಮಂಟಪವೆಲ್ಲ ನಗೆಯಿಂದ ತುಂಬಿತು. “ಸತ್ತಾಂವ ನೋಡ್ತಾನೇನಲೇ!” ಎಂದು ಪರದೆಯ ಹಿಂದಿನಿಂದ ಯಾರೋ ಗದರಿಸಿದ್ದೂ ಕೇಳಿಸಿತು. ಈಕೆ ನಗಲಿಲ್ಲ. “ಅಂವನ ನೋಡ್ರಿ” ಎಂದು ಹಿಂದಕ್ಕೆ ಸರಿದು ಕುಳಿತಳು.

ಬಿಳಿಯ ಕವಚದ ಸೈನಿಕರು ತೆರೆಯ ಮೇಲೆ ಹತ್ತು ಹತ್ತಾಗಿ ಸಾಯುವುದನ್ನು ನೋಡುವಾಗ ಮಕ್ಕಳು ಅಳುವುದಿಲ್ಲ, ಏಕೆಂದರೆ ಅಲ್ಲಿ ಸತ್ತದ್ದು ಯಾರೂ ಅಲ್ಲ. ಮುಖ ಮುಚ್ಚಿದ್ದು ಅವರ ರಕ್ಷಣೆಗಾಗಿ ಅಲ್ಲವೇ ಅಲ್ಲ. ಆ ಶಿರಸ್ತ್ರಾಣ ಒಂದು ಪೆಟ್ಟನ್ನೂ ತಡೆಯುವುದಿಲ್ಲ. ಮುಚ್ಚಿದ್ದು ನಮ್ಮ ರಕ್ಷಣೆಗಾಗಿ, ಲೆಕ್ಕ ಇಡುವ ಕಷ್ಟದಿಂದ ನಮ್ಮನ್ನು ಪಾರುಮಾಡಲಿಕ್ಕಾಗಿ. ವೀರನ ತೆರೆದ ಮುಖದ ಬೆಲೆಯನ್ನು ಕೊಡುವವರು ಈ ಮುಚ್ಚಿದವರು. ಆ ಚಿತ್ರದ ನಿರ್ಮಾಪಕರಿಗೂ ಇದು ಹೊಳೆದಿದ್ದಿತೆಂದು ಕಾಣುತ್ತದೆ. 1983ರ ಮೂರನೆಯ ಭಾಗದಲ್ಲಿ ಸಾಯುತ್ತಿರುವ ಖಳನಾಯಕನು ತನ್ನ ಶಿರಸ್ತ್ರಾಣವನ್ನು ತೆಗೆಯಿಸಿ, ಮಗನನ್ನು ಸ್ವಂತ ಕಣ್ಣುಗಳಿಂದ ನೋಡಬಯಸುತ್ತಾನೆ. ಒಳಗೆ ಇದ್ದವನು ಬಿಳಿಚಿಕೊಂಡ ಒಬ್ಬ ಮುದುಕ. ಆದರೆ ಅದು ಸೇನಾಪತಿಗೆ ದೊರೆತ ಭಾಗ್ಯ. ಬಿಳಿಯ ಕವಚದವರಿಗೆ ಅಲ್ಲಿಯೂ ಯಾರೂ ಟೊಪ್ಪಿಗೆ ತೆಗೆಯಲಿಲ್ಲ.

ವೀರಗಲ್ಲಿಗೂ ಇದೇ ಮಾತು ಅನ್ವಯಿಸುತ್ತದೆಯೇ? ಅದರ ಕೆಳಗಿನ ಅಂತಸ್ತಿನಲ್ಲಿ ಚಿಕ್ಕದಾಗಿ ಬಿದ್ದಿರುವವರಿಗೆ ಹೆಸರಿಲ್ಲ ಎಂಬುದು ನಿಜ. ಆದರೂ ನಮ್ಮ ಕಲ್ಲುಕುಟಿಗನನ್ನು ನಾನು ತುಸು ಹೆಚ್ಚು ಮೆಚ್ಚುತ್ತೇನೆ. ಅವನ ಕಲ್ಲು ಅರಸನದಲ್ಲ. ತುರುಗಳಿಗಾಗಿ ಸತ್ತ ಸಾಮಾನ್ಯ ಒಕ್ಕಲಿಗನಿಗೂ ಅವನು ಮುಖ ಕೊಟ್ಟನು.

ನಾಟಕದ ಆ ಹುಡುಗ ಮುಂದೆ ಸೈನ್ಯ ಸೇರಿದನು. ಕೆಲವು ವರ್ಷಗಳ ಮೇಲೆ ನಾನು ಅವರ ಮನೆಗೆ ಹೋಗಿದ್ದಾಗ ತಾಯಿಯು ಟ್ರಂಕಿನಿಂದ ಒಂದು ಛಾಯಾಚಿತ್ರವನ್ನು ತೆಗೆದು ತೋರಿಸಿದಳು. ಹಿಮದ ಮೇಲೆ ಹತ್ತಿಪ್ಪತ್ತು ಸೈನಿಕರು, ತಲೆಗೆ ಶಿರಸ್ತ್ರಾಣ, ಕಣ್ಣಿಗೆ ಕರಿಯ ಕನ್ನಡಕ, ಬಾಯಿಗೆ ಉಣ್ಣೆಯ ಬಟ್ಟೆ. ಒಬ್ಬನ ಮುಖವೂ ಕಾಣುವಂತಿರಲಿಲ್ಲ. ಆಕೆ ತಡವಿಲ್ಲದೆ ಎರಡನೆಯ ಸಾಲಿನವನೊಬ್ಬನ ಮೇಲೆ ಬೆರಳಿಟ್ಟಳು. ಹೇಗೆ ಗುರುತು ಹಿಡಿದೆಯಮ್ಮಾ ಎಂದೆ. “ನಿಂತದ್ದ ನೋಡ್ರಿ. ಎಡಗಾಲ ಮ್ಯಾಲ ಭಾರ ಹಾಕಿ ನಿಂದರತಾನ, ಸಣ್ಣಾಂವಿದ್ದಾಗಿಂದ” ಎಂದಳು. ಅವನು ಈಗ ನಿವೃತ್ತನಾಗಿ ಊರಿನಲ್ಲಿದ್ದಾನೆ. ಅವನ ತಲೆಯನ್ನು ಕಾಯ್ದ ಶಿರಸ್ತ್ರಾಣದ ಮೇಲೆ ನನಗೆ ಕಾವ್ಯಮೀಮಾಂಸೆಯ ಯಾವ ತಕರಾರೂ ಇಲ್ಲ.

ಇಂದು ನಮ್ಮ ಊರಿನ ತರುಣರು ಮೋಟರ್ ಸೈಕಲ್ಲಿನ ಕನ್ನಡಿಗೆ ಹೆಲ್ಮೆಟ್ಟನ್ನು ತೂಗುಹಾಕಿಕೊಂಡು ಸ್ಟೇಶನ್ ರಸ್ತೆಯಲ್ಲಿ ಹೋಗುವುದನ್ನು ಕಾಣುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಕನ್ನಡಿಯ ತಲೆಯನ್ನು ಕಾಯಲು ಬಂದದ್ದಲ್ಲ ಎಂದು ಒಬ್ಬನಿಗೆ ಹೇಳಿದೆ. “ಹಾಕ್ಕೊಂಡ್ರ ಊರಾಗ ಯಾರೂ ಗುರುತ ಹಿಡಿಯಂಗಿಲ್ರಿ ಸರ್” ಎಂದನು. ವೀರಗಲ್ಲಿನಿಂದ ಹಾಲಿವುಡ್ಡಿನವರೆಗಿನ ಶಾಸ್ತ್ರವನ್ನೆಲ್ಲ ಅವನು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದನು. ನಾನು ಅವನ ಎದುರಿಗೆ ನಿಂತೇ ಹೆಲ್ಮೆಟ್ಟನ್ನು ಹಾಕಿಸಿ, ಪಟ್ಟಿ ಬಿಗಿಸಿ ಕಳಿಸಿದೆ. ಮುಂದಿನ ತಿರುವಿನವರೆಗಾದರೂ ಅದು ತಲೆಯ ಮೇಲಿದ್ದಿತು.

ಸಂಸ್ಥೆಯ ಉತ್ಸವದ ಅಂಗವಾಗಿ ಈ ವರ್ಷ ಮಕ್ಕಳು ಮತ್ತೆ ಒಂದು ಅಂತರಿಕ್ಷದ ನಾಟಕವನ್ನು ಆಡಲಿದ್ದಾರೆಂದು ಕೇಳಿ ಸಂತೋಷವಾಯಿತು. 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರಿಕ್ಷ ನಿಲ್ದಾಣದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆಯ ಪ್ರಯೋಗವನ್ನು ನಡೆಸಿದ ಮೇಲೆ ನಮ್ಮ ಜಿಲ್ಲೆಯ ಹುಡುಗರಿಗೆ ಅಂತರಿಕ್ಷವು ಪರಸ್ಥಳವಾಗಿ ಉಳಿದಿಲ್ಲ. ನಾಟಕದ ಹೊಣೆ ಹೊತ್ತ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಸೈನಿಕರ ಶಿರಸ್ತ್ರಾಣಗಳಿಗೆ ಬೆಳ್ಳಿಯ ಬಣ್ಣ ಬಳಿದು ಬಿಡಬೇಡಿರಿ. ಚಂದ್ರಲೋಕಕ್ಕೆ ಹೋದವರು ನಾಯಕನೊಬ್ಬನಿಗೆ ಕೆಂಪು ಪಟ್ಟೆ ಹಾಕಿದರು. ನೀವು ಪ್ರತಿಯೊಬ್ಬ ಹುಡುಗನಿಗೂ ಬೇರೆ ಬೇರೆ ಬಣ್ಣದ ಪಟ್ಟೆ ಹಾಕಿರಿ, ಯಾವ ಬಣ್ಣವೆಂದು ಮನೆಯಲ್ಲಿ ಹೇಳಿ ಬರಲು ಹುಡುಗರಿಗೆ ತಿಳಿಸಿರಿ. ಸೈನಿಕರು ಎಷ್ಟು ಜನರಿದ್ದರೂ ಸರಿಯೆ, ಬಣ್ಣದ ಡಬ್ಬಿಗಳ ಖರ್ಚು ನನ್ನದು.